ಏಳು ಮೊಳೆ, ಆರು ಮೊನೆ

“ಕಾಲು ಕೆಳಗೆ ಬಿಡು! ಬಿಡು ಅಂದ್ನಲ್ಲ, ಬಿಡಯ್ಯಾ!”

ತರಬೇತುದಾರನ ಆ ಕೂಗಿಗೆ ಲಾಯದ ಹೆಂಚುಗಳೆಲ್ಲ ಹಾರಿಹೋಗಿ ಪಕ್ಕದ ಬೀದಿಯಲ್ಲಿ ಬಿದ್ದವು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಬಿದ್ದದ್ದು ಎರಡೇ ಹೆಂಚು.

ನಾನು ಬಿಡಲಿಲ್ಲ. ಕಿಡಿಯ ಬಲ ಹಿಂಗಾಲು ನನ್ನ ತೊಡೆಯ ಮೇಲಿತ್ತು, ಇಕ್ಕಳ ಕೈಯಲ್ಲಿತ್ತು, ಸಿಟ್ಟು ನೆತ್ತಿಯಲ್ಲಿತ್ತು. ಈ ಮೂರೂ ಒಟ್ಟಿಗೆ ಸೇರಿದಾಗ ನನ್ನನ್ನು ಅಲುಗಿಸಲು ಆನೆ ಬೇಕು. ಅದೂ ಒಂದು ಸಾಲದು.

ನಡೆದದ್ದು ಇಷ್ಟು. ಭಾನುವಾರದ ದೊಡ್ಡ ಪಂದ್ಯದಲ್ಲಿ ಓಡಬೇಕಾದ ಹೆಣ್ಣುಕುದುರೆ ಕಿಡಿ ಈ ಬೆಳಿಗ್ಗೆ ಮೂರು ಕಾಲಿನ ಮೇಲೆ ನಿಂತಿತ್ತು. ಅದಕ್ಕೆ ನಿನ್ನೆ ಲಾಳ ಕಟ್ಟಿದವಳು ನನ್ನ ಮಗಳು. ಮಧ್ಯಾಹ್ನ ಹನ್ನೆರಡಕ್ಕೆ ಪಂದ್ಯದ ಕಮಿಟಿಯವರು ಬಂದು ಅವಳ ಕೊರಳಿನ ಪರವಾನಗಿಯ ಹಿತ್ತಾಳೆ ಬಿಲ್ಲೆ ಕಿತ್ತುಕೊಂಡರೆ, ಆಮೇಲೆ ಯಾವ ಲಾಯದಲ್ಲೂ ಅವಳು ಒಂದು ಗೊರಸನ್ನೂ ಮುಟ್ಟುವ ಹಾಗಿಲ್ಲ.

ಗೋಡೆಯ ಗಡಿಯಾರ ಹನ್ನೊಂದೂ ಕಾಲು ತೋರಿಸುತ್ತಿತ್ತು.

“ಕಮಿಟಿಯವರು ನೋಡೋವರೆಗೂ ಆ ಮೊಳೆ ಅಲ್ಲೇ ಇರ್ಬೇಕು. ಅದು ಸಾಕ್ಷಿ!” ಎಂದ ತರಬೇತುದಾರ. ಇವನಿಗೆ ನಾವಿಟ್ಟ ಹೆಸರು ಗುಡುಗಣ್ಣ. ಗುಡುಗಿದ್ದನ್ನು ಎಲ್ಲರೂ ಕೇಳಿದ್ದಾರೆ, ಮಳೆ ಬಂದದ್ದನ್ನು ಯಾರೂ ನೋಡಿಲ್ಲ.

“ಸಾಕ್ಷಿಯಂತೆ ಸಾಕ್ಷಿ! ಬೆಳಿಗ್ಗೆಯಿಂದ ಜೀವ ಇರೋ ಮಾಂಸದಲ್ಲಿ ಕಬ್ಬಿಣ ಚುಚ್ಚಿಸ್ಕೊಂಡು ನಿಂತಿದೆ ಆ ಪ್ರಾಣಿ. ನಿನ್ನ ಉಗುರಿನ ಕೆಳಗೆ ಒಂದು ಗುಂಡುಸೂಜಿ ಇಳಿಸ್ತೀನಿ. ಹನ್ನೆರಡು ಗಂಟೆವರೆಗೂ ಸಾಕ್ಷಿ ಅಂತ ಇಟ್ಕೋತೀಯಾ?”

“ನಾಲಿಗೆ ಬಿಗಿ ಹಿಡಿದು ಮಾತಾಡು!”

“ಇಕ್ಕಳ ಬಿಗಿ ಹಿಡಿದಿದ್ದೀನಿ. ಈಗ ಅದೇ ಸಾಕು.”

ಅರ್ಧಬಾಗಿಲಿನ ಆಚೆ, ಗುಡುಗಣ್ಣನ ಹಿಂದೆ, ಮೂರು ತಲೆಗಳು. ಒಂದು ಕುದುರೆ ಡಾಕ್ಟರಮ್ಮನದು. ಈಗಷ್ಟೇ ಬಂದಿದ್ದಳು, ಕೈಚೀಲ ಇನ್ನೂ ಹೆಗಲಲ್ಲೇ ಇತ್ತು. ಇನ್ನೊಂದು ಜಾಕಿಯದು, ಭಾನುವಾರ ಕಿಡಿಯ ಬೆನ್ನೇರಬೇಕಾದವನು, ತೂಕ ಇಳಿಸಲು ಎರಡು ದಿನದಿಂದ ಊಟ ಬಿಟ್ಟು ಎಷ್ಟು ತೆಳ್ಳಗಾಗಿದ್ದನೆಂದರೆ ಬಾಗಿಲು ಹಾಕಿದರೂ ಸಂದಿಯಲ್ಲಿ ಒಳಗೆ ಬರಬಲ್ಲ. ಮೂರನೆಯದು ನನ್ನ ಭಾವಮೈದನದು. ಕಿಡಿಗೆ ಹುಲ್ಲು ನೀರು ಇಟ್ಟು ಮೈ ಉಜ್ಜಿ ಸಾಕುವ ಲಾಯದಾಳು. ಅವನು ಅಳುತ್ತಿದ್ದ. ಅವನ ಅಕ್ಕನೂ ಹಾಗೆಯೇ, ನಮ್ಮ ಮದುವೆಯ ದಿನ ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ.

ನನ್ನ ಮಗಳು ಮೂಲೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ. ನನಗೆ ಗುಡುಗಣ್ಣನ ಮೇಲಿದ್ದಷ್ಟೇ ಸಿಟ್ಟು ಅವಳ ಮೇಲೂ ಇತ್ತು.

“ಬಾಯಿ ಬಿಡೇ! ನಾನು ಹೊಡೆದಿಲ್ಲ ಅಂತಾದ್ರೂ ಹೇಳೇ! ಬಾಯಲ್ಲೇನು ಮೊಳೆ ಇಟ್ಕೊಂಡಿದ್ದೀಯಾ?”

ಅವಳು ತನ್ನ ಚರ್ಮದ ಉಡುಪಿನ ಸೊಂಟದ ಗಂಟನ್ನು ನೋಡುತ್ತಾ ಕೂತಳು. ಆ ಗಂಟು ನಾನು ಕಂಡುಹಿಡಿದದ್ದು. ಮೂರು ಸುತ್ತು, ಒಂದು ಒಳಮಡಿಕೆ. ಕುದುರೆ ಎಳೆದರೆ ಬಿಗಿಯುತ್ತದೆ, ಮನುಷ್ಯ ಬೆರಳಿನಲ್ಲಿ ತಟ್ಟಿದರೆ ಬಿಚ್ಚಿಕೊಳ್ಳುತ್ತದೆ. ಇಷ್ಟು ಮಾಡಿದ್ದಕ್ಕೆ ಚೌಕದಲ್ಲಿ ನನ್ನದೊಂದು ಪ್ರತಿಮೆ ಎದ್ದೇಳಬೇಕಿತ್ತು. ಏಳಲಿಲ್ಲ. ಲೋಕವೇ ಹಾಗೆ.

“ಡಾಕ್ಟರಮ್ಮಾ, ಒಳಗೆ ಬನ್ನಿ. ಈ ಗೊರಸಿನ ಪಕ್ಕದಲ್ಲಿ ಮೊಳೆಯ ಮೊನೆ ಎಷ್ಟು ಕಾಣ್ತವೆ, ನೀವೇ ಎಣಿಸಿ. ನಾನು ಎಣಿಸಿದ್ರೆ ಅಪ್ಪ ಅಲ್ವಾ, ಮಗಳ ಪರ ಅಂತಾರೆ.”

ಅವಳು ಬಗ್ಗಿ ಎಣಿಸಿದಳು. “ಆರು.”

“ಕೆಳಗೆ, ಲಾಳದಲ್ಲಿ ತಲೆ ಎಷ್ಟು?”

“ಏಳು.”

ಲಾಳ ಕಟ್ಟುವುದನ್ನು ನೋಡದವರಿಗಾಗಿ ಹೇಳುತ್ತೇನೆ. ಕುದುರೆಯ ಗೊರಸಿನ ಅಂಚು ನಮ್ಮ ಉಗುರಿನ ಹಾಗೆ, ಅಲ್ಲಿ ನೋವಿಲ್ಲ. ಮೊಳೆ ಕೆಳಗಿನಿಂದ ಆ ಅಂಚಿನೊಳಗೆ ಹೊಕ್ಕು ಪಕ್ಕದಲ್ಲಿ ಮೊನೆ ತೋರಿಸಬೇಕು. ಆ ಮೊನೆ ಮುರಿದು, ಮಡಿಸಿ, ಅರ ಹಾಕುತ್ತೇವೆ. ಏಳು ಒಳಗೆ ಹೋದರೆ ಏಳೂ ಹೊರಗೆ ಬರಬೇಕು. ಬಾರದ ಮೊಳೆ ಎಲ್ಲಿಗೆ ಹೋಗಿದೆ ಎಂಬುದು ಮೊದಲು ಗೊತ್ತಾಗುವುದು ಕುದುರೆಗೆ.

“ಅದನ್ನೇ ನಾನೂ ಹೇಳ್ತಿರೋದು!” ಗುಡುಗಣ್ಣ ಬಾಗಿಲಿಗೆ ಗುದ್ದಿದ. “ನಿನ್ನ ಮಗಳು ಮೊಳೆ ಮಾಂಸಕ್ಕೆ ಇಳಿಸಿದ್ದಾಳೆ. ಹೆಣ್ಣಿನ ಕೈಗೆ ಸುತ್ತಿಗೆ ಕೊಟ್ಟಾಗಲೇ ನನಗೆ ಗೊತ್ತಿತ್ತು!”

ನನ್ನ ಕಿವಿಯಿಂದ ಹೊಗೆ ಬಂತು. ಉತ್ಪ್ರೇಕ್ಷೆಯಲ್ಲ, ಜಾಕಿ ಕೆಮ್ಮಿದ.

“ಹೆಣ್ಣಿನ ಕೈ! ಆ ಕೈ ಇಲ್ಲಿ ನಾಲ್ಕು ವರ್ಷದಿಂದ ಲಾಳ ಕಟ್ತಿದೆ. ಒಂದು ಕುದುರೆ ಕುಂಟಿದ್ದು ತೋರಿಸು. ಈ ಲಾಯದಲ್ಲಿ ಕುಂಟ್ತಿರೋದು ನಿನ್ನ ಬುದ್ಧಿ ಒಂದೇ!”

ಮೊಳೆಯ ತಲೆಯನ್ನು ಇಕ್ಕಳದಲ್ಲಿ ಹಿಡಿದು ಒಂದು ಕಾಳಿನಷ್ಟು ಎತ್ತಿ ನಿಲ್ಲಿಸಿದೆ. ಕಿಡಿ ನಡುಗಿತು. “ಎರಡೇ ಉಸಿರು ತಡ್ಕೋ ತಾಯಿ” ಎಂದೆ ಅದಕ್ಕೆ. ಕುದುರೆಗಳಿಗೆ ನನ್ನ ಮಾತು ಅರ್ಥವಾಗುತ್ತದೆ, ತರಬೇತುದಾರರಿಗೆ ಆಗುವುದಿಲ್ಲ.

“ಡಾಕ್ಟರಮ್ಮಾ, ಈ ತಲೆಯ ಯಾವ ಪಕ್ಕದಲ್ಲಿ ಚೌಕುಳಿ ಗುರುತಿದೆ?”

“ಹೊರಗಡೆ ಪಕ್ಕದಲ್ಲಿ.”

“ಸ್ವಲ್ಪ ಜೋರಾಗಿ ಹೇಳಿ. ಗುಡುಗಿನ ಸದ್ದಲ್ಲಿ ಕೆಲವರಿಗೆ ಕೇಳಿಸಲ್ಲ.”

“ಹೊರಗಡೆಗೆ ಇದೆ!”

ಒಂದೇ ಎಳೆತಕ್ಕೆ ಮೊಳೆ ಕಿತ್ತೆ. ಅದರ ಹಿಂದೆಯೇ ಕಪ್ಪು ರಕ್ತ ಒಂದು ಹನಿ, ಆಮೇಲೆ ನಾಲ್ಕು. ಕಿಡಿ ಬಿಟ್ಟ ಉಸಿರಿಗೆ ಹುಲ್ಲೆಲ್ಲ ಗೋಡೆಗೆ ಸರಿಯಿತು. ಡಾಕ್ಟರಮ್ಮ ಕೂಡಲೇ ಗಾಯ ತೊಳೆದು ಔಷಧಿಯ ಅರಳೆ ಒತ್ತಿದಳು. ಕಿಡಿ ಮೊದಲ ಬಾರಿಗೆ ಆ ಕಾಲನ್ನು ನೆಲಕ್ಕೆ ತಾಗಿಸಿ ನೋಡಿತು.

ನಾನು ಮೊಳೆಯನ್ನು ಗುಡುಗಣ್ಣನ ಮೂಗಿನ ಮುಂದೆ ಹಿಡಿದೆ.

“ಲಾಳದ ಮೊಳೆಗೆ ಎರಡು ಮುಖ. ಒಂದು ನುಣುಪು, ಒಂದರಲ್ಲಿ ಗುರುತು. ಗುರುತು ಒಳಗಡೆಗೆ ಇಟ್ಟು ಹೊಡೆದ್ರೆ ಮೊನೆ ತಾನಾಗೇ ಹೊರಗೆ ಬಾಗುತ್ತೆ. ತಿರುಗಿಸಿ ಇಟ್ರೆ ಒಳಗೆ ನುಗ್ಗುತ್ತೆ. ನನ್ನ ಮಗಳು ಇದನ್ನ ಹಾಲುಹಲ್ಲು ಬೀಳೋ ಮುಂಚೆ ಕಲಿತವಳು. ಕಣ್ಣು ಕಟ್ಟಿ ಕೈಗೆ ಮೊಳೆ ಕೊಡು, ಹೆಬ್ಬೆರಳಲ್ಲಿ ಸವರಿ ಮುಖ ಹೇಳ್ತಾಳೆ. ಇದನ್ನ ಹೊಡೆದವರು ಯಾರೇ ಆಗಲಿ, ಲಾಳದ ಕೆಲಸದವರಲ್ಲ. ದೂರದಿಂದ ನೋಡಿ ಕಲಿತವರು!”

“ಒಂದು ದಿನ ಕೈ ತಪ್ಪಿರಬಹುದು.”

“ಕೈ ತಪ್ಪಿತಾ? ಹಾಗಾದ್ರೆ ಅವಳು ನಿನ್ನೆ ಹೊಡೆದ ಏಳನೇ ಮೊಳೆ ಎಲ್ಲಿ?”

ಉತ್ತರಕ್ಕೆ ಕಾಯದೆ ನನ್ನ ಪೆಟ್ಟಿಗೆಯ ಅಯಸ್ಕಾಂತ ತೆಗೆದು ಹುಲ್ಲಿನ ಮೇಲೆ ಎಳೆಯುತ್ತಾ ಹೋದೆ. ಇಂಥ ಅಯಸ್ಕಾಂತ ಇನ್ನೊಂದಿಲ್ಲ. ಒಮ್ಮೆ ಬೀದಿಯಲ್ಲಿ ಹಿಡಿದು ನಡೆಯುವಾಗ ಒಂದು ಸೈಕಲ್ಲು ಹಿಂದೆಯೇ ಬಂದಿತ್ತು. ಮೇವಿನ ತೊಟ್ಟಿಯ ಕೆಳಗೆ ಟಿಕ್ ಎಂದಿತು. ಒಂದು ಮೊಳೆ. ಮಡಿಸಿದ ಮೊನೆಯನ್ನು ನೆಟ್ಟಗೆ ಮಾಡಿ ಹಿಂದಕ್ಕೆ ಎಳೆದ ಗುರುತು, ಮೊನೆಗೆ ಸಣ್ಣ ಅರ ಹಾಕಿದ ಹೊಳಪು.

“ಇದು ನನ್ನ ಮಗಳದು. ಸರಿಯಾದ ಮೊಳೆಯನ್ನ ಯಾರೋ ಕಿತ್ತು, ಅದೇ ತೂತಿನಲ್ಲಿ ಇನ್ನೊಂದನ್ನ ತಿರುಗಿಸಿ ಹೊಡೆದಿದ್ದಾರೆ. ಇವತ್ತು ಬೆಳಿಗ್ಗೆ ಆರರಿಂದ ಏಳರ ಮಧ್ಯೆ, ಉಳಿದ ಕುದುರೆಗಳೆಲ್ಲ ಓಡೋಕೆ ಹೋಗಿದ್ದಾಗ. ನೀವೆಲ್ಲ ಎಲ್ಲಿದ್ರಿ?”

“ನಾನು ಓಟದ ಕಣದ ಬೇಲಿ ಹತ್ರ, ಕೈಯಲ್ಲಿ ಗಡಿಯಾರ ಹಿಡ್ಕೊಂಡು. ಇಡೀ ಊರು ನೋಡಿದೆ,” ಎಂದ ಗುಡುಗಣ್ಣ.

“ನೋಡಿರದಿದ್ರೂ ಕೇಳಿಸಿಕೊಂಡಿರುತ್ತೆ. ಜಾಕಿ ಸಾಹೇಬ್ರು?”

“ಹೊಟ್ಟೆ ತೊಳಸ್ತಿತ್ತು. ಮಲಗಿದ್ದೆ.”

“ಖಾಲಿ ಹೊಟ್ಟೆ ಏನನ್ನ ತೊಳಸುತ್ತೆ?”

ಜಾಕಿ ಮುಖ ತಿರುಗಿಸಿದ. ಭಾವಮೈದ ಕೇಳುವ ಮೊದಲೇ ಶುರು ಮಾಡಿದ. “ನಾನು ಉಗ್ರಾಣದಲ್ಲಿ ಧಾನ್ಯ ನೆನೆಸ್ತಿದ್ದೆ ಭಾವ. ನನ್ನ ಕಿಡಿಗೆ ನಾನು ಹಾಗೆ ಮಾಡ್ತೀನಾ? ಅದರ ಮುಂಗಾಲಿಗೆ ಪಟ್ಟಿ ಸುತ್ತೋಕೂ ಈಗ ನನಗೆ ಬಿಡ್ತಿಲ್ಲ. ಹತ್ತು ದಿನದಿಂದ ಈ ಯಜಮಾನ್ರೇ ಸುತ್ತುತಾರೆ. ನನ್ನ ಕೈ ಅಷ್ಟು ಕೆಟ್ಟುಹೋಯ್ತಾ?”

“ನಿನ್ನ ಪಟ್ಟಿ ಪುರಾಣ ಯಾರಿಗೆ ಬೇಕೋ!” ಎಂದು ನಾನೇ ಅವನನ್ನು ಗದರಿಸಿದೆ. ಕಿಡಿಯ ಎಡ ಮುಂಗಾಲಿಗೆ ಬಿಳಿ ಪಟ್ಟಿ ಸುತ್ತಿತ್ತು, ಅದೊಂದೇ ಕಾಲಿಗೆ. ನೋಡಿದೆ. ಆದರೆ ನನ್ನ ತಲೆ ಆಗ ಹಿಂಗಾಲಿನಲ್ಲಿತ್ತು. ಜಗತ್ತಿನ ಅತಿ ದೊಡ್ಡ ಪತ್ತೇದಾರನೂ ಒಮ್ಮೆಗೆ ಒಂದು ತುದಿಯನ್ನೇ ನೋಡಬಲ್ಲ.

ಆಗ ನನ್ನ ಕಣ್ಣು ಕಿಡಿಯ ಮೂತಿಯ ಮೇಲೆ ಬಿತ್ತು. ಮೇಲ್ದುಟಿಯ ಸುತ್ತ ಬಳೆಯಂತೆ ಒಂದು ಗೆರೆ, ಕೂದಲು ಒತ್ತಿಹೋಗಿತ್ತು.

“ಆಹಾ!” ಎಂದೆ. ಆ ಆಹಾಕ್ಕೆ ಅಂಗಳದ ಪಾರಿವಾಳಗಳೆಲ್ಲ ಎದ್ದವು.

ಪ್ರತಿ ಲಾಯದಲ್ಲೂ ಒಂದು ಕುಣಿಕೆ ಕೋಲು ಇರುತ್ತದೆ. ಮೊಳದುದ್ದದ ಕೋಲು, ತುದಿಯಲ್ಲಿ ಹುರಿಯ ಕುಣಿಕೆ. ಒದೆಯುವ ಕುದುರೆಯ ಮೇಲ್ದುಟಿಗೆ ಅದನ್ನು ಹಾಕಿ ತಿರುಚಿ ಹಿಡಿದರೆ ಅದು ಮಂಕು ಹಿಡಿದ ಹಾಗೆ ನಿಲ್ಲುತ್ತದೆ. ಕೋಲು ಬಿಟ್ಟರೆ ಮುಗಿಯಿತು.

“ಕೋಲು ಹಿಡಿಯೋಕೆ ಒಬ್ಬರು, ಕಾಲೆತ್ತಿ ಸುತ್ತಿಗೆ ಬೀಸೋಕೆ ಇನ್ನೊಬ್ಬರು. ನಾಲ್ಕು ಕೈ ಬೇಕು ಈ ಪಾಪಕ್ಕೆ. ಇಬ್ಬರು ಬಂದಿದ್ರು!”

ಗುಡುಗಣ್ಣನ ಕಣ್ಣು ಸಣ್ಣದಾಯಿತು. “ಇಬ್ಬರಾ?”

“ಇಬ್ಬರು. ಹೊಡೆದವನು ಬರೀ ಮೂರ್ಖ. ಹಿಡಿದವರು ಅವನಿಗಿಂತ ನೀಚರು. ತುಟಿಗೆ ಕುಣಿಕೆ ಹಾಕಿಸ್ಕೋಬೇಕಾದ್ರೆ ಈ ಕುದುರೆ ಅವರನ್ನ ನಂಬಿರ್ಬೇಕು. ನಂಬಿದ ಪ್ರಾಣಿಯ ಮೂತಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ, ಕಾಲಿಗೆ ಕಬ್ಬಿಣ ಇಳಿಸೋಕೆ ಬಿಟ್ಟಿದ್ದಾರೆ. ಥೂ! ಅಂಥವರ ಕೈ ಕತ್ತರಿಸಿ ನಾಯಿಗೆ ಹಾಕಿದ್ರೆ ನಾಯಿಯೂ ಮೂಸಲ್ಲ!”

ಬಕೆಟ್ ಒಂದಿಷ್ಟು ಸರಿದ ಸದ್ದಾಯಿತು. ನಾನು ತಿರುಗಿ ನೋಡಲಿಲ್ಲ. ನನ್ನ ಗಂಟಲು ಆಗ ಒಳ್ಳೆಯ ಹದದಲ್ಲಿತ್ತು.

“ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ,” ಎಂದ ಗುಡುಗಣ್ಣ. “ಕಮಿಟಿ ಬಂದ ಮೇಲೆ, ಹಿಡಿದವನು ನಿನ್ನ ಭಾವಮೈದ ಅಂತ ಗೊತ್ತಾದ್ರೆ ಮಾತು ತಿರುಗಿಸ್ತೀಯ. ನಿನ್ನ ಮಾತಿಗೆ ಬಾಲ ಎಷ್ಟು, ತಲೆ ಎಷ್ಟು ಅಂತ ಊರಿಗೇ ಗೊತ್ತು.”

“ನಾನು ಮಾತು ತಿರುಗಿಸೋದಾ? ನದಿ ತಿರುಗಿಸ್ತೀನಿ, ಮಾತು ತಿರುಗಿಸಲ್ಲ!”

“ಹಾಗಾದ್ರೆ ಬರಿ. ಅಲ್ಲಿ ಬೋರ್ಡಿದೆ.”

ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಯಾವ ಕುದುರೆಗೆ ಎಷ್ಟು ಮೇವು ಎಂದು ಬರೆದಿತ್ತು. ತೋಳಿನಲ್ಲಿ ಒರೆಸಿದೆ. ಸೀಮೆಸುಣ್ಣ ಎರಡು ತುಂಡಾಗುವಷ್ಟು ಒತ್ತಿ ಬರೆದೆ:

‘ಕಿಡಿಯ ತುಟಿಗೆ ಕೋಲು ಹಿಡಿದವರು ಯಾರೇ ಆಗಿರಲಿ, ನನ್ನ ರಕ್ತವೇ ಆಗಿರಲಿ, ಅವರ ಕೈ ಹಿಡಿದು ನಾನೇ ಕಮಿಟಿಯ ಮುಂದೆ ನಿಲ್ಲಿಸುತ್ತೇನೆ.’

ಕೆಳಗೆ ಸಹಿ ಹಾಕಿದೆ. ನನ್ನ ಸಹಿ ಸಣ್ಣದಲ್ಲ, ಅರ್ಧ ಹಲಗೆ ಅದಕ್ಕೇ ಹೋಯಿತು.

“ಅಪ್ಪಾ,” ಎಂದಳು ಮಗಳು. ಬೆಳಿಗ್ಗೆಯಿಂದ ಅದೇ ಮೊದಲ ಮಾತು.

“ಈಗ ಸುಮ್ನಿರು! ಮಾತಾಡು ಅಂದಾಗ ಆಡಲಿಲ್ಲ. ಈಗ ನಾನು ಕೆಲಸದಲ್ಲಿದ್ದೀನಿ.”

“ಅಪ್ಪಾ, ಒಂದು ನಿಮಿಷ...”

“ಕೋಲು ಎಲ್ಲಿ? ಮೊದಲು ಕೋಲು ಹುಡುಕ್ಬೇಕು!”

ಕುಣಿಕೆ ಕೋಲು ತೂಗುವ ಕೊಕ್ಕೆ ಖಾಲಿಯಾಗಿತ್ತು. ಅವಸರದಲ್ಲಿ ಅಡಗಿಸುವವರು ಕೈಗೆಟುಕುವ ಜಾಗವನ್ನೇ ಹುಡುಕುತ್ತಾರೆ. ಹೊರಗೆ ಬಂದು, ಬಾಗಿಲ ಪಕ್ಕದ ಧಾನ್ಯದ ಪೆಟ್ಟಿಗೆಯಲ್ಲಿ ಭುಜದವರೆಗೆ ಕೈ ಇಳಿಸಿದೆ. ಬೆರಳಿಗೆ ಮರ ತಗುಲಿತು. ಎಳೆದು ತೆಗೆದು ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಯುದ್ಧ ಗೆದ್ದ ರಾಜ ಕೂಡ ಕತ್ತಿಯನ್ನು ಹಾಗೆ ಎತ್ತಿರಲಾರ.

“ನೋಡ್ರಪ್ಪಾ! ಹಳೇ ಹುರಿ ಹರಿದಿತ್ತು, ಹೊಸದು ಕಟ್ಟಿದ್ದಾರೆ. ಅವಸರದಲ್ಲಿ ಕಟ್ಟಿದ್ರೂ ಎಂಥ ಗಂಟು! ಎಳೆದ್ರೆ ಬಿಗಿಯುತ್ತೆ, ತಟ್ಟಿದ್ರೆ ಬಿಚ್ಚುತ್ತೆ. ಮೂರು ಸುತ್ತು, ಒಂದು ಒಳಮಡಿಕೆ. ಇದು ನನ್ನ ಗಂಟು ಕಣ್ರಯ್ಯಾ! ಈ ಭೂಮಿ ಮೇಲೆ ಇದನ್ನ ಕಟ್ಟೋಕೆ ಬರೋದು ಇಬ್ಬರಿಗೇ. ಒಂದು ನನಗೆ, ಇನ್ನೊಂದು...”

ಅಲ್ಲಿಗೆ ನನ್ನ ಬಾಯಿ ನಿಂತಿತು. ಅದು ತಾನಾಗಿ ನಿಂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಪಾರಿವಾಳಗಳು ವಾಪಸ್ ಬಂದು ಕೂತವು.

ಮಗಳು ಎದ್ದು ನಿಂತಿದ್ದಳು. “ಹೌದಪ್ಪಾ. ಹಿಡಿದದ್ದು ನಾನೇ.”

ಭಾವಮೈದನ ಅಳು ಥಟ್ಟನೆ ನಿಂತಿತು. ನಾನು ಒಳಗೆ ಹೋದೆ. ಅವಳಿಗೆ ಹೊಡೆಯಲು ಕೈ ಎತ್ತಿದೆನೋ, ಕೋಲು ಎಸೆಯಲು ಎತ್ತಿದೆನೋ ಈಗಲೂ ಗೊತ್ತಿಲ್ಲ. ಕೈ ಅರ್ಧದಲ್ಲೇ ನಿಂತಿತ್ತು.

“ನಿನಗೆ... ನಿನಗೆ ಮೊಳೆಯ ಮುಖ ಕಲಿಸಿದವನು ನಾನು!”

“ಅದಕ್ಕೇ ನನ್ನ ಕೈಯಲ್ಲಿ ಆಗಲಿಲ್ಲ. ಸುತ್ತಿಗೆ ಎತ್ತಿದೆ. ನೀನು ಕಲಿಸಿದ ಕೈ ಇಳೀಲೇ ಇಲ್ಲ. ಹೊಡೆಯೋಕೆ ಇನ್ನೊಬ್ಬರು ಒಪ್ಪಿದ್ರು. ಒಂದು ಸ್ವಲ್ಪ ಒತ್ತಿದ್ರೆ ಸಾಕು, ನಾಲ್ಕು ದಿನ ಕುಂಟಿದ್ರೆ ಸಾಕು ಅಂತ ಹೇಳಿದ್ದೆ. ನಾನು ಮೂತಿ ಹತ್ರ ಇದ್ದೆ, ಮೊಳೆ ತಿರುಗಿಸಿಟ್ಟಿದ್ದು ನನಗೆ ಕಾಣಲಿಲ್ಲ. ಆ ಪ್ರಾಣಿ ನನ್ನನ್ನ ನೋಡಿದ ನೋಟ...”

“ಯಾರು? ಹೊಡೆದವರು ಯಾರು?”

“ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ.”

ನಾನು ಜಾಕಿಯನ್ನು ನೋಡಿದೆ. ಅವನು ತನ್ನ ಬೂಟಿನ ತುದಿ ನೋಡುತ್ತಿದ್ದ. ಭಾವಮೈದನನ್ನು ನೋಡಿದೆ. ಅವನೂ ನೆಲವನ್ನೇ ನೋಡುತ್ತಿದ್ದ. ಇಡೀ ಲಾಯ ಆ ಹೊತ್ತು ನೆಲ ನೋಡುತ್ತಿತ್ತು.

“ನನಗೆ ಮೊದಲೇ ಯಾಕೆ ಹೇಳಲಿಲ್ಲ ಕಣೇ?”

“ನಿನಗೆ ಹೇಳೋದೂ ಒಂದೇ, ಊರಿಗೆ ಡಂಗುರ ಹೊಡೆಸೋದೂ ಒಂದೇ. ಹೋದ ವಾರ ಕಮಿಟಿ ಆಫೀಸಿಗೆ ಹೋಗಿ ಇದರ ಕಾಲು ಕೆಟ್ಟಿದೆ ಅಂತ ಹೇಳಿದೆ. ಲಾಳ ಕಟ್ಟೋಳಿಗೆ ಮುಂಗಾಲಿನ ಉಸಾಬರಿ ಯಾಕೆ ಅಂತ ನಕ್ಕು ಕಳಿಸಿದ್ರು. ಭಾನುವಾರ ಇದು ಓಡಬಾರದಿತ್ತಪ್ಪಾ. ಬೈಯೋದು ಆಮೇಲೆ ಬೈ. ಮೊದಲು ಆ ಎಡ ಮುಂಗಾಲು ಮುಟ್ಟಿ ನೋಡು.”

“ಕಾಲು ಮುಟ್ಟಬೇಡ.”

ಹೇಳಿದ್ದು ಗುಡುಗಣ್ಣ. ಆದರೆ ಗುಡುಗಲಿಲ್ಲ. ಪಿಸುಗುಟ್ಟಿದ. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಕಳ್ಳಿ ಸಿಕ್ಕಿದ್ದಾಳೆ,” ಅದೇ ಮೆಲುದನಿಯಲ್ಲಿ ಮುಂದುವರಿಸಿದ. “ತಾನೇ ಒಪ್ಪಿಕೊಂಡಿದ್ದಾಳೆ. ನೀನೂ ಬರೆದುಕೊಟ್ಟಿದ್ದೀಯ. ಇಲ್ಲಿಗೆ ಮುಗೀತು. ಆಚೆ ನಡಿ.”

ನಾನು ಮಗಳ ಕೈ ಹಿಡಿದು ಕಿಡಿಯ ಮುಂದೆ ಎಳೆದುಕೊಂಡು ಹೋದೆ. ಅವಳ ಅಂಗೈ ಮಂಜಿನ ಹಾಗಿತ್ತು. ಇನ್ನೊಂದು ಕೈಯನ್ನು ಪಟ್ಟಿಯ ಮೇಲಿಟ್ಟೆ. ಕಾದ ಹೆಂಚು! ಇದರಲ್ಲಿ ಒಂದು ಚೂರೂ ಸೇರಿಸಿ ಹೇಳುತ್ತಿಲ್ಲ. ಬಟ್ಟೆಯ ಮೇಲಿನಿಂದಲೇ ಬಿಸಿ ಕೈಗೆ ಹೊಡೆಯಿತು.

“ಮುಟ್ಟಬೇಡ ಅಂದೆ!” ಗುಡುಗಣ್ಣ ಅರ್ಧಬಾಗಿಲು ತಳ್ಳಿ ನುಗ್ಗಿದ. ಭಾವಮೈದ ಅಡ್ಡ ನಿಂತ. ಹುಟ್ಟಿದಂದಿನಿಂದ ಯಾರಿಗೂ ಅಡ್ಡ ನಿಂತವನಲ್ಲ, ಇವತ್ತು ನಿಂತ.

“ನನ್ನ ಕಿಡಿ ಯಜಮಾನ್ರೇ. ನೋಡಲಿ ಬಿಡಿ.”

ಒಂದು ಕೈಯಲ್ಲೇ ಪಟ್ಟಿ ಬಿಚ್ಚಿದೆ. ಸುತ್ತಿನ ಮೇಲೆ ಸುತ್ತು ನೆಲಕ್ಕೆ ಬಿತ್ತು. ಕಾಲಿನ ಹಿಂಬದಿಯ ನರ ಬಾಳೆಕಾಯಿಯ ಹಾಗೆ ಊದಿತ್ತು. ಅದರ ಪಕ್ಕದಲ್ಲಿ ಕೂದಲು ಬೋಳಿಸಿದ ನಾಲ್ಕು ಸಣ್ಣ ಚುಕ್ಕೆ, ಪ್ರತಿಯೊಂದರ ನಡುವೆ ಸೂಜಿ ಚುಚ್ಚಿದ ಗಾಯ. ನೋವು ಕಾಣದಂತೆ ಮಾಡಿ ಓಡಿಸುವ ಸೂಜಿ. ಇಂಥ ಕಾಲಿನಲ್ಲಿ ಪೂರ್ತಿ ವೇಗಕ್ಕೆ ಬಿಟ್ಟರೆ ಮೂಳೆ ಕಡ್ಡಿಯಂತೆ ಮುರಿಯುತ್ತದೆ. ಕುದುರೆ ಬೀಳುತ್ತದೆ, ಮೇಲಿದ್ದವನು ಅದರ ಕೆಳಗೆ.

ಜಾಕಿ ಬಾಗಿಲ ಕಂಬ ಹಿಡಿದುಕೊಂಡ.

ಡಾಕ್ಟರಮ್ಮ ಮಂಡಿಯೂರಿ ನೋಡಿದಳು. “ಈ ಸೂಜಿ ನಾನು ಹಾಕಿದ್ದಲ್ಲ. ಈ ಕಾಲು ನನಗೆ ಯಾರೂ ತೋರಿಸಿಯೇ ಇಲ್ಲ.”

“ನಿಮ್ಮ ಚೀಲದ್ದೇ ಔಷಧಿ ಡಾಕ್ಟರಮ್ಮಾ,” ಎಂದ ಗುಡುಗಣ್ಣ, ಇನ್ನೂ ಮೆಲ್ಲಗೆ, ಹೆಚ್ಚುಕಡಿಮೆ ನಗುತ್ತಾ. “ಸೀಸೆ ಮೇಲೆ ನಿಮ್ಮ ಹೆಸರಿನ ಚೀಟಿ ಇದೆ. ಹೇಳ್ತೀರಾ ಕಮಿಟಿಗೆ?”

ಡಾಕ್ಟರಮ್ಮ ಹೆಗಲಿನ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಳು.

ಅಂಗಳದ ಕಲ್ಲಿನ ಮೇಲೆ ಬೂಟುಗಳ ಸದ್ದು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಒಳ್ಳೆಯ ಕೆಲಸಕ್ಕೆ ತಡವಾಗಿ ಬರುವ ಕಮಿಟಿ, ಬಿಲ್ಲೆ ಕೀಳಲು ಮಾತ್ರ ಬೇಗ ಬರುತ್ತದೆ.

ಮೂವರು ಒಳಗೆ ಬಂದರು. ಹಿರಿಯರು ಮುಂದಿದ್ದರು.

“ಬನ್ನಿ ಸಾರ್,” ಎಂದ ಗುಡುಗಣ್ಣ. “ನಾನೇನೂ ಹೇಳಲ್ಲ. ಆ ಬೋರ್ಡ್ ಒಂದು ಓದಿಬಿಡಿ ಸಾಕು.”

ಹಿರಿಯರು ಕನ್ನಡಕ ಹಾಕಿಕೊಂಡರು. ಹಲಗೆಯ ಹತ್ತಿರ ಹೋಗಿ, ನಾನು ಒತ್ತಿ ಒತ್ತಿ ಬರೆದದ್ದನ್ನು, ‘ನನ್ನ ರಕ್ತವೇ ಆಗಿರಲಿ’ ಎಂಬಲ್ಲಿ ಸ್ವಲ್ಪ ನಿಂತು, ಗಟ್ಟಿಯಾಗಿ ಕೊನೆಯವರೆಗೂ ಓದಿದರು. ಸಹಿಯನ್ನೂ ಓದಿದರು.

ಆಮೇಲೆ ನನ್ನ ಕಡೆ ತಿರುಗಿದರು. “ಸರಿ. ಎಲ್ಲಿ, ನಿಲ್ಲಿಸು ನೋಡೋಣ. ಯಾರ ಕೈ ಹಿಡಿದಿದ್ದೀಯ?”

ನಾನು ಕೆಳಗೆ ನೋಡಿದೆ. ಮಗಳ ಕೈಯನ್ನು ನಾನು ಇನ್ನೂ ಬಿಟ್ಟಿರಲಿಲ್ಲ.